ಬಳೆ ಬಿಗಿಯಾಗುವ ಮುಂಚೆಯೇ ಟೇಪು ಹಿಡಿಯಿರಿ

ಸ್ತನ ಕ್ಯಾನ್ಸರ್‌ಗೆಂದು ಕಂಕುಳಿನ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದ ಮೇಲೆ, ಇಲ್ಲವೇ ಅಲ್ಲಿಗೆ ರೇಡಿಯೇಷನ್ ಕೊಟ್ಟ ಮೇಲೆ ಆ ಬದಿಯ ತೋಳು ಬಾತುಕೊಳ್ಳಬಹುದು. ಇದೇ ಲಿಂಫೆಡಿಮಾ. ರವಿಕೆಯ ತೋಳು ಹಿಡಿಯತೊಡಗಿದಾಗ ಟೇಪು ಹುಡುಕುವವರೇ ಹೆಚ್ಚು. ಆಗ ಹೋಲಿಸಲು ಹಳೆಯ ಅಳತೆಯೇ ಇರುವುದಿಲ್ಲ. ಮೊದಲ ಅಳತೆ ಆಪರೇಷನ್‌ಗೆ ಮುಂಚೆಯೇ ಆಗಬೇಕು, ಅದೂ ಎರಡೂ ತೋಳಿನದು.

ಟೇಪು: ಹಳೆಯ ಬಟ್ಟೆ ಟೇಪು ಜಗ್ಗಿರುತ್ತದೆ, ಅಳತೆ ಕಡಿಮೆ ತೋರಿಸುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ತಾಳೆ ನೋಡಿ, ಹೊಂದದಿದ್ದರೆ ಎಸೆಯಿರಿ.

ಗುರುತು: ಎಡವಟ್ಟಾಗುವುದೇ ಇಲ್ಲಿ. ಅಂಗೈ ಕೆಳಮುಖವಾಗಿಸಿ ತೋಳನ್ನು ಮೇಜಿನ ಮೇಲೆ ನೇರವಾಗಿ ಚಾಚಿ. ಮಣಿಕಟ್ಟಿನಲ್ಲಿ ಕಿರುಬೆರಳ ಕಡೆ ಉಬ್ಬಿರುವ ಮೂಳೆಯೇ ಸೊನ್ನೆ. ಅಲ್ಲಿಂದ ಕಂಕುಳಿನವರೆಗೆ 4 ಸೆಂ.ಮೀ.ಗೊಂದರಂತೆ ಪೆನ್ನಿನಿಂದ ಗುರುತು ಹಾಕಿ. ಮೈಯುಬ್ಬಿನ ಮೇಲೆ ಟೇಪು ಹಾಸಬೇಡಿ, ಪಕ್ಕದಲ್ಲಿ ಸ್ಕೇಲು ಇಟ್ಟೇ ಗುರುತಿಸಿ. ಇನ್ನೊಂದು ತೋಳಿಗೂ ಮೂಳೆಯಿಂದಲೇ ಶುರುಮಾಡಿ, ಕಣ್ಣಂದಾಜು ಬೇಡ.

ಸುತ್ತುವುದು: ಟೇಪಿನ ಕೆಳಅಂಚು ಪ್ರತಿ ಸಲವೂ ಗುರುತಿನ ಮೇಲೇ ಕೂರಲಿ. ಓರೆಯಾದರೆ ಅಳತೆ ಹೆಚ್ಚು ಬರುತ್ತದೆ. ಟೇಪು ಜಾರಬಾರದು, ಚರ್ಮದಲ್ಲಿ ಗೆರೆಯೂ ಮೂಡಬಾರದು. ಒಂಟಿ ಕೈಯಲ್ಲಿ ಇದು ಆಗದ ಕೆಲಸ. ಮನೆಯಲ್ಲಿ ಒಬ್ಬರೇ ಖಾಯಂ ಅಳೆಯಲಿ, ದಿನದ ಅದೇ ಹೊತ್ತಿಗೆ.

ಲೆಕ್ಕ: ಬರೀ ಇಂದಿನ ಅಳತೆ ನೋಡಬೇಡಿ, ಎರಡು ತೋಳಿನ ಅಂತರ ನೋಡಿ. ಉದಾಹರಣೆಗೆ, ಒಂದೇ ಗುರುತಿನಲ್ಲಿ ಆಪರೇಷನ್‌ಗೆ ಮುಂಚೆ ಬಲ 26.5, ಎಡ 26 ಸೆಂ.ಮೀ. ಈಗ ಬಲ 28.5, ಎಡ 26. ಅಂತರ ಅರ್ಧದಿಂದ ಎರಡೂವರೆಗೆ ಏರಿತು. ಹೀಗೆ 2 ಸೆಂ.ಮೀ. ಏರಿದರೆ ವೈದ್ಯರ ಬಳಿ ಹೋಗಲೇಬೇಕು. ಬರೀ ಮೈತೂಕ ಹೆಚ್ಚಿದ್ದರೆ ಎರಡೂ ತೋಳು ದಪ್ಪವಾಗಿರುತ್ತವೆ, ಅಂತರ ಅಷ್ಟಾಗಿ ಏರುವುದಿಲ್ಲ.

ನೀರಿಳಿಸುವ ಮಾತ್ರೆ ಇದಕ್ಕೆ ಮದ್ದಲ್ಲ. ಅಳತೆ ಕೊಡದೆ ಆನ್‌ಲೈನಲ್ಲಿ ತರಿಸುವ ತೋಳುಚೀಲವೂ (ಬಾವು ತಡೆಯಲು ತೋಳಿಗೆ ಹಾಕುವ ಬಿಗಿ ಉಡುಪು) ಬೇಡ. ಮಣಿಕಟ್ಟಿನಲ್ಲಿ ಬಿಗಿದರೆ ಅಂಗೈ ಊದುತ್ತದೆ.

ತೋಳು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಅಥವಾ ಒಮ್ಮೆಲೇ ಊದಿದರೆ ಟೇಪು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಿ. ಸೋಂಕು ಅಥವಾ ರಕ್ತ ಹೆಪ್ಪುಗಟ್ಟಿರುವುದು ಕಾರಣವಿರಬಹುದು.

ವರ್ಷಗಟ್ಟಲೆ ಬಾತ ತೋಳಿನಲ್ಲಿ ಪೆಟ್ಟಿಲ್ಲದೆ ನೇರಳೆ ಕಲೆ ಕಂಡರೆ ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷಿಸುವುದು) ಆಗಬೇಕು. ಆಂಜಿಯೋಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಹೀಗೆ ಶುರುವಾಗಬಹುದು. ಆ ಚೂರಿನ ಕೋಶಗಳಲ್ಲಿ ಕೆಲವು ಪ್ರೋಟೀನ್‌ಗಳನ್ನು ಬಣ್ಣ ಹಾಕಿ ಹುಡುಕುತ್ತಾರೆ. ಕೋಶಗಳು ರಕ್ತನಾಳ ಅಥವಾ ದುಗ್ಧನಾಳದ ಒಳಪದರದವೇ ಎಂದು ಸಿಡಿ31, ಇಆರ್‌ಜಿ ಎಂಬ ಪರೀಕ್ಷೆಗಳು ಹೇಳುತ್ತವೆ. ದುಗ್ಧನಾಳದ ಗುಣವನ್ನು ಡಿ2-40 ತೋರಿಸುತ್ತದೆ. ನಿರುಪದ್ರವಿ ನಾಳಗಂಟಿನಿಂದ ಬೇರ್ಪಡಿಸಲು ಎಂವೈಸಿ ನೆರವಾಗುತ್ತದೆ. ತೋಳು ಎಷ್ಟು ವರ್ಷದಿಂದ ಬಾತಿದೆ, ರೇಡಿಯೇಷನ್ ಯಾವಾಗ ಆಯಿತು ಎಂಬುದನ್ನು ಬಯಾಪ್ಸಿ ಚೀಟಿಯಲ್ಲಿ ಬರೆಸಿ. ಬರೀ ‘ಚರ್ಮದ ಕಲೆ’ ಎಂದಿದ್ದರೆ ಈ ಪರೀಕ್ಷೆಗಳನ್ನು ಮಾಡಬೇಕೆಂದು ಚೂರನ್ನು ಪರೀಕ್ಷಿಸುವ ಪೆಥಾಲಜಿಸ್ಟ್‌ಗೆ ಹೊಳೆಯದೇ ಹೋಗಬಹುದು.