ಟ್ಯಾಲಿಯ ಲಾಭ-ನಷ್ಟ: ಕೊನೆಯ ಸಾಲನ್ನು ಕೊನೆಗೇ ನೋಡಿ

ದಾವಣಗೆರೆ ಮಂಡಿಪೇಟೆ ಸುತ್ತಮುತ್ತಲ ಆರು ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ದಿನಕ್ಕೊಂದು ಅಂಗಡಿ, ಭಾನುವಾರ ರಜೆ. ಎಲ್ಲ ಕಡೆಯೂ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಪ್ರೈಮ್. ಬಿಲ್ ಹೊಡೆಯೋದು ಮಾಲೀಕರಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ‘ಪ್ರಾಫಿಟ್ ಅಂಡ್ ಲಾಸ್’ ತೆರೆದರೆ ಸಾಕು, ಕಣ್ಣು ಸೀದಾ ಕೆಳಗಿನ ‘ನೆಟ್ ಪ್ರಾಫಿಟ್’, ಅಂದರೆ ನಿವ್ವಳ ಲಾಭದ ಮೇಲೆ ಹೋಗಿ ಕೂರುತ್ತದೆ. ನಾನು ಆ ಸಾಲನ್ನು ಅಂಗೈಯಿಂದ ಮುಚ್ಚಿ, ಮೇಲಿಂದ ಓದಿ ಅನ್ನುತ್ತೇನೆ.

ಮೊದಲು ತಾರೀಖು. ಟ್ಯಾಲಿ ತಾನಾಗಿ ತೋರಿಸುವುದು ಕೊನೆಯ ಎಂಟ್ರಿ ಆದ ದಿನದವರೆಗೆ ಮಾತ್ರ. ಎಫ್2 ಒತ್ತಿ ಬೇಕಾದ ಅವಧಿ ಹಾಕಿ. ಆಮೇಲೆ ಆಲ್ಟ್ ಹಿಡಿದು ಎಫ್5 ಒತ್ತಿದರೆ ಗುಂಪುಗಳ ಒಳಗಿನ ಖಾತೆಗಳು ಬಿಚ್ಚಿಕೊಳ್ಳುತ್ತವೆ. ಎಡಗಡೆ ಖರ್ಚು, ಬಲಗಡೆ ಆದಾಯ.

ಒಂದು ಹಾರ್ಡ್‌ವೇರ್ ಅಂಗಡಿಯ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ ಹೀಗಿತ್ತು:

ಆರಂಭದ ಸ್ಟಾಕ್ 8,40,000
ಖರೀದಿ 31,20,000
ಲಾರಿ ಬಾಡಿಗೆ, ಹಮಾಲಿ 62,000
ಮಾರಾಟ 36,50,000
ಉಳಿದ ಸ್ಟಾಕ್ 9,10,000

ಮಾರಾಟಕ್ಕೆ ಉಳಿದ ಸ್ಟಾಕ್ ಕೂಡಿಸಿದರೆ 45,60,000. ಮೇಲಿನ ಮೂರು ಸೇರಿ 40,22,000. ಕಳೆದರೆ ಸಿಗುವ 5,38,000 ಗ್ರಾಸ್ ಪ್ರಾಫಿಟ್, ಅಂದರೆ ಅಂಗಡಿ ಬಾಡಿಗೆ, ಸಂಬಳದಂಥ ಖರ್ಚು ಕಳೆಯುವ ಮೊದಲಿನ ಲಾಭ. ಅದನ್ನು ಮಾರಾಟದಿಂದ ಭಾಗಿಸಿ ನೂರರಿಂದ ಗುಣಿಸಿ: ಶೇ. 14.7. ಇಡೀ ಪಟ್ಟಿಯಲ್ಲಿ ನಾನು ಮೊದಲು ನಂಬುವುದು ಈ ಅಂಕಿಯನ್ನು. ಅಂಗಡಿಯ ವ್ಯಾಪಾರ ಬದಲಾಗದೆ ಈ ಶೇಕಡಾ ದಿಢೀರನೆ ಏರಿದರೆ ಖುಷಿಪಡಬೇಡಿ, ತಪ್ಪು ಹುಡುಕಿ.

ಇದೇ ಅಂಗಡಿಯಲ್ಲಿ ನನಗೆ ಮೊದಲು ಬಂದದ್ದು ಶೇ. 21. ಹಿಂದಿನ ವರ್ಷ ಹದಿನೈದರ ಆಸುಪಾಸು ಇದ್ದದ್ದು ಹೇಗೆ ಏರಿತು? ಸಾವ್ಕಾರ್ರು ಮೀಸೆಯಲ್ಲೇ ನಗುತ್ತಿದ್ದರು. ನಾನು ಖರೀದಿಯ ಸಾಲಿನ ಮೇಲೆ ಎಂಟರ್ ಒತ್ತುತ್ತಾ ತಿಂಗಳು ತಿಂಗಳು ಇಳಿದೆ. ಸೆಪ್ಟೆಂಬರ್‌ನಲ್ಲಿ ಪೈಪಿನ ಖರೀದಿಯೇ ಇಲ್ಲ! ಗೋಡೌನಿನಲ್ಲಿ ಪೈಪು ರಾಶಿ ಬಿದ್ದಿದೆ, ಹುಡುಗರು ಎಣಿಸಿ ಸ್ಟಾಕಿಗೂ ಬರೆಸಿದ್ದಾರೆ. ಬಿಲ್ ಎಲ್ಲಿ? ಗಲ್ಲಾದ ಡ್ರಾಯರಿನಲ್ಲಿ, ಊದುಬತ್ತಿ ಪ್ಯಾಕಿನ ಕೆಳಗೆ, 2,35,000ದ್ದು. ಮಾಲು ಲೆಕ್ಕಕ್ಕೆ ಬಂದು ಬಿಲ್ ಬಾರದಿದ್ದರೆ ಆ ಮೊತ್ತವಷ್ಟೂ ಲಾಭವಾಗಿ ಕಾಣುತ್ತದೆ. ಎಂಟ್ರಿ ಹಾಕಿದ ಮೇಲೆ ನಿಂತದ್ದೇ ಮೇಲಿನ 5,38,000.

ಹಾಗಾಗಿ ಉಳಿದ ಸ್ಟಾಕಿನ ಸಾಲನ್ನು ಸುಮ್ಮನೆ ದಾಟಬೇಡಿ. ಈ ಅಂಗಡಿಯಲ್ಲಿ ಸ್ಟಾಕನ್ನು ಟ್ಯಾಲಿ ತಾನೇ ಲೆಕ್ಕಹಾಕುವುದಿಲ್ಲ. ‘ಸ್ಟಾಕ್ ಇನ್ ಹ್ಯಾಂಡ್’ ಖಾತೆಯಲ್ಲಿ ತಾರೀಖು ಸಮೇತ ನಾವೇ ಮೊತ್ತ ತುಂಬಬೇಕು. ತುಂಬದಿದ್ದರೆ ಹಳೆಯ ಅಂಕಿಯೇ ಕೂತಿರುತ್ತದೆ. ಬೆಲೆ ಕಟ್ಟುವಾಗ ಕೊಂಡ ದರ ಹಿಡಿಯಿರಿ, ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವವರು (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವವರು) ಜಿಎಸ್‌ಟಿ ಬಿಟ್ಟು. ಮಾರುವ ದರ ಹಿಡಿದರೆ ಇನ್ನೂ ಮಾರದ ಪೈಪಿಗೂ ಲಾಭ ಬರೆದುಕೊಂಡಂತೆ.

ಇನ್ನು ಕೆಳಗಿನ ಭಾಗ ಸಲೀಸು. ಬಾಡಿಗೆ 1,20,000, ಇಬ್ಬರು ಹುಡುಗರ ಸಂಬಳ 1,68,000, ಬ್ಯಾಂಕ್ ಬಡ್ಡಿ 36,000, ಕರೆಂಟು ಫೋನು ಇತ್ಯಾದಿ 22,000. ಒಟ್ಟು 3,46,000. ಇದನ್ನು ಗ್ರಾಸ್ ಪ್ರಾಫಿಟ್‌ನಿಂದ ಕಳೆದು, ಕಂಪನಿ ಕೊಟ್ಟ ಕಮಿಷನ್ 12,000 ಸೇರಿಸಿದರೆ ನಿವ್ವಳ ಲಾಭ 2,04,000. ಇಲ್ಲಿ ನೋಡಬೇಕಾದ್ದು ಖಾತೆ ಸರಿಯಾದ ಗುಂಪಿನಲ್ಲಿದೆಯೇ ಅನ್ನುವುದೊಂದೇ. ಲಾರಿ ಬಾಡಿಗೆಯನ್ನು ಒಂದು ತಿಂಗಳು ಡೈರೆಕ್ಟ್ (ಮಾಲು ತರುವ ಖರ್ಚು), ಇನ್ನೊಂದು ತಿಂಗಳು ಇನ್‌ಡೈರೆಕ್ಟ್ (ಅಂಗಡಿ ನಡೆಸುವ) ಖರ್ಚಿಗೆ ಹಾಕಿದರೆ ನಿವ್ವಳ ಬದಲಾಗುವುದಿಲ್ಲ, ಆದರೆ ಗ್ರಾಸ್ ಶೇಕಡಾ ಕುಣಿಯುತ್ತದೆ. ಮೊದಲ ವರ್ಷ ನಾನೇ ಹಾಗೆ ಮಾಡಿದ್ದೆ. ಹೊಸ ಕಂಪ್ಯೂಟರ್ ಕೊಂಡದ್ದು ಖರ್ಚಲ್ಲ, ಫಿಕ್ಸೆಡ್ ಅಸೆಟ್, ಅಂದರೆ ವರ್ಷಗಟ್ಟಲೆ ಬಳಸುವ ಆಸ್ತಿ. ಅದರ ಸವಕಳಿಯನ್ನು (ಬಳಸಿ ಇಳಿದ ಬೆಲೆಯನ್ನು) ನಮ್ಮಲ್ಲಿ ಆಡಿಟರ್ ಮಾರ್ಚ್ ಕೊನೆಗೆ ಹಾಕಿಸುತ್ತಾರೆ, ಆದ್ದರಿಂದ ವರ್ಷದ ನಡುವಿನ ಲಾಭ ಒಂದಿಷ್ಟು ದಪ್ಪಗೇ ಕಾಣುತ್ತದೆ.

ಹಿಂದಿನ ವರ್ಷ ಪಕ್ಕದಲ್ಲಿ ಬೇಕೆಂದರೆ ಆಲ್ಟ್ ಜೊತೆ ಸಿ ಒತ್ತಿ ಅದೇ ಆರು ತಿಂಗಳ ತಾರೀಖು ಕೊಡಿ. ಇಡೀ ವರ್ಷದ ಜೊತೆ ಅರ್ಧ ವರ್ಷವನ್ನು ತೂಗಬೇಡಿ.

ಇಷ್ಟೆಲ್ಲ ಆದ ಮೇಲೆ ಅಂಗೈ ತೆಗೆದೆ. ಸಾವ್ಕಾರ್ರು ಕೇಳಿದರು: “ಎರಡು ಲಕ್ಷ ಲಾಭ ಅಂತೈತಿ, ಗಲ್ಲಾದಾಗ ಇಪ್ಪತ್ತು ಸಾವಿರ ಇಲ್ಲ. ರೊಕ್ಕ ಎಲ್ಲಿ ಹೋತ್ರೀ ಮೇಡಂ?”

ಅದಕ್ಕೆ ಉತ್ತರ ಈ ಪಟ್ಟಿಯಲ್ಲಿಲ್ಲ, ಆಸ್ತಿ-ಸಾಲ ತೋರಿಸುವ ಬ್ಯಾಲೆನ್ಸ್ ಶೀಟಿನಲ್ಲಿದೆ. ಸ್ಟಾಕಿನಲ್ಲಿ 70,000 ಹೆಚ್ಚು ಕೂತಿದೆ. ಸಾಲದ ಅಸಲು ಕಟ್ಟಿದ್ದು 60,000. ಬಡ್ಡಿ ಮಾತ್ರ ಲಾಭ-ನಷ್ಟಕ್ಕೆ ಬರುತ್ತದೆ, ಅಸಲು ಬರುವುದಿಲ್ಲ. ಮನೆಗೆ ತೆಗೆದುಕೊಂಡದ್ದು 1,50,000, ಅದೂ ಡ್ರಾಯಿಂಗ್ಸ್, ಖರ್ಚಲ್ಲ. ಉದ್ರಿ ಏರಿದ್ದು 1,10,000. ಒಟ್ಟು 3,90,000. ಲಾಭಕ್ಕಿಂತ ಹೆಚ್ಚಾದ ಆ 1,86,000ದ ಬಹುಪಾಲು ಸಪ್ಲೈಯರ್‌ಗಳಿಗೆ ನಾವಿನ್ನೂ ಕೊಡದೆ ಇಟ್ಟುಕೊಂಡ ಬಾಕಿ.

ಉದ್ರಿ ಗಿರಾಕಿಗಳ ಗುಂಪಾದ ‘ಸಂಡ್ರಿ ಡೆಟರ್ಸ್’ ಮೇಲೆ ಎಂಟರ್ ಒತ್ತಿ ದೊಡ್ಡ ಉದ್ರಿ ಯಾರದ್ದೆಂದು ನೋಡಿದರೆ, ಅವರ ಸ್ವಂತ ಭಾವಮೈದುನನದ್ದು. “ಅದನ್ನ ಮುಚ್ರಿ, ಚಾ ತರಿಸ್ತೀನಿ” ಅಂದರು.