ಆಲೆಮನೆಯಲ್ಲಿ ಥೇಲೀಸ್: ಗ್ರೀಕ್ ತತ್ವಜ್ಞಾನದ ವಿಡಿಯೊ ಮಾಡಿದ ನನ್ನ ಅನುಭವ

"ಗ್ರೀಕ್ ಫಿಲಾಸಫಿನಾ? ಅದೂ ಕನ್ನಡದಲ್ಲಾ? ಯಾರಪ್ಪ ನೋಡ್ತಾರೆ?" ಚಾನೆಲ್ ಶುರು ಮಾಡಿದಾಗ ಮೈಸೂರಿನ ಗೆಳೆಯರೆಲ್ಲ ಕೇಳಿದ್ದು ಇದನ್ನೇ. ಬೆಣ್ಣೆ ದೋಸೆ ತೋರಿಸು, ಚಾಮುಂಡಿ ಬೆಟ್ಟದ ಡ್ರೋನ್ ಶಾಟ್ ಹಾಕು ಅಂದವರೇ ಜಾಸ್ತಿ. ಈಗ ಹತ್ತಿರ ಹತ್ತಿರ 30 ಸಾವಿರ ಜನ ನೋಡುಗರಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷ ದುಡ್ಡು ನೀರಿನಂತೆ ಹೋಯಿತು. ಸರಸ್ವತಿಪುರಂನಲ್ಲಿ ರೂಮು ಬಾಡಿಗೆ, ಲೈಟು, ಹಸಿರು ಪರದೆ, ಎಡಿಟರ್‌ಗೆ ವಿಡಿಯೊಗೆ ಎರಡು ಸಾವಿರ. ಲಕ್ಷದ ಮೇಲೇ ಆಗಿರಬೇಕು. ಅನಿಮೇಷನ್ ಮಾಡಿಕೊಡ್ತೀನಿ ಅಂತ ಒಬ್ಬರು 15 ಸಾವಿರ ಮುಂಗಡ ತಗೊಂಡು, ಅರ್ಧ ಸಾಕ್ರಟೀಸ್ ಕಳಿಸಿ ಫೋನ್ ಎತ್ತುವುದನ್ನೇ ಬಿಟ್ಟರು. ಪ್ಲೇಟೋ ಬಗ್ಗೆ ಇಪ್ಪತ್ತು ನಿಮಿಷದ ಪಾಠ ಹಾಕಿದರೆ ಜನ ಎಲ್ಲಿಯವರೆಗೆ ನೋಡಿದರು ಅಂತ ತೋರಿಸುವ ರಿಟೆನ್ಷನ್ ಗ್ರಾಫ್ ಮೊದಲ ನಿಮಿಷದಲ್ಲೇ ನೆಲ ಕಚ್ಚುತ್ತಿತ್ತು.

ದಾರಿ ಸಿಕ್ಕಿದ್ದು ಪಾಂಡವಪುರದ ಹತ್ತಿರ, ನೆಂಟರ ಆಲೆಮನೆಯಲ್ಲಿ. ಕೈಯಲ್ಲಿದ್ದದ್ದು ಫೋನು, ಕಾಲರ್ ಮೈಕು ಅಷ್ಟೇ. ಗ್ರೀಕರ ಮೊದಲ ತತ್ವಜ್ಞಾನಿ ಅನ್ನಿಸಿಕೊಂಡ ಥೇಲೀಸನ ಬಗ್ಗೆ ಅರಿಸ್ಟಾಟಲ್ ಒಂದು ಕಥೆ ಹೇಳುತ್ತಾನೆ. ಬಡವ, ನಿನ್ನ ತತ್ವಜ್ಞಾನದಿಂದ ಏನು ಪ್ರಯೋಜನ ಅಂತ ಜನ ಹಂಗಿಸುತ್ತಿದ್ದರು. ಮುಂದೆ ಎಣ್ಣೆ ತೆಗೆಯುವ ಆಲಿವ್ ಕಾಯಿಯ ಫಸಲು ಚೆನ್ನಾಗಿ ಬರುತ್ತೆ ಅಂತ ಚಳಿಗಾಲದಲ್ಲೇ ಲೆಕ್ಕ ಹಾಕಿದ. ತನ್ನೂರು ಮಿಲೆಟಸ್, ಕಿಯೋಸ್ ದ್ವೀಪದ ಆಲಿವ್ ಗಾಣಗಳನ್ನೆಲ್ಲ ಬಾಡಿಗೆಗೆ ಹಿಡಿದ. ಸುಗ್ಗಿಯಲ್ಲಿ ತಾನು ಹೇಳಿದ ರೇಟಿಗೆ ಬಿಟ್ಟ. ಇದನ್ನೇ ಗಾಣದ ಪಕ್ಕ ನಿಂತು ಹೇಳುತ್ತಿದ್ದೆ. ಆಲೆಮನೆ ಮಾವ ನಡುವೆ ಬಾಯಿ ಹಾಕಿದರು: "ಅಡ್ವಾನ್ಸ್ ಎಷ್ಟ್ ಕೊಟ್ಟಿದ್ನಪ್ಪಾ ಆವಯ್ಯ?"

ಆಲೆಮನೆ ಬಾಡಿಗೆ ಬಲ್ಲವರಿಗೇ ಹೊಳೆಯುವ ಪ್ರಶ್ನೆ ಅದು. ಅರಿಸ್ಟಾಟಲ್ ಅದಕ್ಕೂ ಉತ್ತರ ಬರೆದಿಟ್ಟಿದ್ದಾನೆ. ಥೇಲೀಸ್ ಹತ್ತಿರ ಇದ್ದದ್ದು ಸ್ವಲ್ಪ ಹಣ, ಅದನ್ನೇ ಮುಂಗಡ ಕೊಟ್ಟ. ಪೈಪೋಟಿಗೆ ಯಾರೂ ಇರಲಿಲ್ಲ, ಬಾಡಿಗೆ ಕಡಿಮೆಗೇ ಕುದುರಿತು. ಮಾವನ ಪ್ರಶ್ನೆಯನ್ನು ವಿಡಿಯೊದಲ್ಲಿ ಕತ್ತರಿಸದೆ ಹಾಗೇ ಇಟ್ಟೆ. "ಎಲ್ಲದರ ಮೂಲ ನೀರು" ಅನ್ನುವ ಥೇಲೀಸನ ವಿಚಾರ ಬಂದದ್ದು ಎಂಟನೇ ನಿಮಿಷಕ್ಕೆ. ಅಲ್ಲಿಯವರೆಗೂ ಅರ್ಧಕ್ಕಿಂತ ಹೆಚ್ಚು ಜನ ಕೂತಿದ್ದರು!

ಆಲೆಮನೆಯಲ್ಲಿ ಶೂಟ್ ಮಾಡುವವರಿಗೆ ಒಂದು ಮಾತು. ಗಾಣ ತಿರುಗುವಾಗ ಧ್ವನಿ ಹಿಡಿಯಲೇಬೇಡಿ. ಗಾಣ ನಿಂತು ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಹೊತ್ತೇ ಸರಿ. ಆವಿ ಲೆನ್ಸ್ ಮೇಲೆ ಕೂರುತ್ತೆ, ಪಂಚೆಯ ಚುಂಗಿನಲ್ಲಿ ಒರೆಸುತ್ತಿರಬೇಕು.

ಅಲ್ಲಿಂದ ನನ್ನ ಕ್ರಮ ಇದೇ. ಮೊದಲು ಹಣ, ಓಟು, ಜಗಳ. ಆಮೇಲೆ ವಿಚಾರ. ಕ್ರಿ.ಪೂ. 399ರ ಸಾಕ್ರಟೀಸ್ ವಿಚಾರಣೆಯನ್ನು ಮಂಡ್ಯದಲ್ಲಿ ಟೀ ಅಂಗಡಿ ಬೆಂಚಿನ ಮೇಲೆ, ಓಟಿನ ಎಣಿಕೆಯಿಂದಲೇ ಶುರು ಮಾಡಿದೆ. ಅಥೆನ್ಸಿನ ನ್ಯಾಯಸಭೆ ಓಟು ಹಾಕಿ ಅವನು ತಪ್ಪಿತಸ್ಥ ಅಂದಿತು, ಮೂವತ್ತು ಮತ ಆ ಕಡೆ ಹೋಗಿದ್ದರೆ ಬಿಡುಗಡೆ. ಶಿಕ್ಷೆ ನೀನೇ ಹೇಳು ಅಂದರೆ ಊರಿನ ಖರ್ಚಲ್ಲಿ ಊಟ ಹಾಕಿ ಅಂದ. ಅಲ್ಲಿದ್ದವರೆಲ್ಲ ಪಕ್ಷ ಕಟ್ಟಿಕೊಂಡು ವಾದಕ್ಕಿಳಿದರು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ಮೊದಲ ಹತ್ತು ಸೆಕೆಂಡ್ ಹೇಗೆ ಕಟ್ಟುತ್ತೇನೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎಲಿಯಾ ಊರಿನ ತತ್ವಜ್ಞಾನಿ ಝೀನೋನ ಒಗಟನ್ನೂ ಮಾಡಿ ನೋಡಿದೆ: ಗುರಿ ಮುಟ್ಟೋಕೆ ಮೊದಲು ಅರ್ಧ ದಾರಿ ಹೋಗಬೇಕು, ಆಮೇಲೆ ಉಳಿದದ್ದರ ಅರ್ಧ, ಹಾಗಾದರೆ ಮುಟ್ಟೋದು ಯಾವಾಗ? ಸುಣ್ಣದ ಗೆರೆ ಎಳೆದು, ಅರ್ಧ, ಅರ್ಧದ ಅರ್ಧ ಅಂತ ಅಳೆಯುತ್ತಾ ಹೋದೆ. ಗಾಳಿ ಮೈಕನ್ನು ನುಂಗಿತು. ಆದರೆ ವಾಕಿಂಗ್ ಬಂದ ಮಕ್ಕಳು ಗೆರೆಗಳ ಮೇಲೆ ಕುಪ್ಪಳಿಸಿದ ಆ ತುಣುಕೇ ಶಾರ್ಟ್ಸ್‌ನಲ್ಲಿ ಚೆನ್ನಾಗಿ ಓಡಿತು.

ರೂಮು ಬಿಟ್ಟಾಯಿತು. ಪೆಟ್ರೋಲು, ಊಟ ಸೇರಿ ವಿಡಿಯೊಗೆ 800 ರೂಪಾಯಿ ದಾಟುವುದಿಲ್ಲ. ಬರುವ ದುಡ್ಡಲ್ಲಿ ಖರ್ಚು ಕಳೆದು ತಿಂಗಳಿಗೆ ಏಳೆಂಟು ಸಾವಿರ ಉಳಿಯುತ್ತೆ. ಮುಂದಿನ ವಿಡಿಯೊ ಎಪಿಕ್ಯೂರಸ್ ಅನ್ನುವ ಗ್ರೀಕ್ ತತ್ವಜ್ಞಾನಿಯದು, ಒಂದು ಚಿಕ್ಕ ಗಡಿಗೆ ಚೀಸ್ ಕಳಿಸಿದರೆ ಹಬ್ಬದೂಟ ಮಾಡ್ತೀನಿ ಅಂದವನು. ಅವನು ಪಾಠ ಹೇಳುತ್ತಿದ್ದ ತೋಟಕ್ಕೆ ಹೆಂಗಸರೂ ಗುಲಾಮರೂ ಬಂದು ಕೂರುತ್ತಿದ್ದರು. ಶ್ರೀರಂಗಪಟ್ಟಣದ ಹತ್ತಿರ ಒಂದು ತೆಂಗಿನ ತೋಟ ನೋಡಿಟ್ಟಿದ್ದೇನೆ. ತೋಟದವರು ಒಪ್ಪಿದ್ದಾರೆ, ಕಾಯಿ ಕೀಳೋದು ಮುಗಿದ ಮೇಲೆ ಬನ್ನಿ ಅಂದಿದ್ದಾರೆ.