ಪಿಸ್ತೂಲಿಗೆ ದುಡ್ಡು ಕೊಡುವ ಮೊದಲು ಕೈ ಕೊಟ್ಟು ನೋಡಿ

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದು, ಟವೆಲ್ಲಿನಲ್ಲಿ ಸುತ್ತಿದ್ದ ಪಿಸ್ತೂಲನ್ನು ಜಗಲಿಯ ಮೇಲೆ ಬಿಚ್ಚಿಟ್ಟರು. ಹಳೆಯ ವಿದೇಶಿ ಮಾಲು, ವಾಲ್ಥರ್ ಪಿಪಿ. ಮೆಣಸಿನ ದುಡ್ಡೆಲ್ಲ ಅದಕ್ಕೇ ಹೋಗಿತ್ತು. ಮುಖದಲ್ಲಿ ಮಾತ್ರ ಸಂತೋಷ ಇರಲಿಲ್ಲ. "ಒಂದೇಟೂ ಗುರಿಗೆ ಬೀಳ್ತಿಲ್ಲ. ನಳಿಗೆ ಸೊಟ್ಟ ಇರಬೇಕು, ನೋಡಿ" ಅಂದರು.

ತೋಟೆ ತುಂಬುವ ಮ್ಯಾಗಜೀನ್ ತೆಗೆದೆ, ಮೇಲಿನ ಜಾರುವ ಭಾಗವಾದ ಸ್ಲೈಡ್ ಎಳೆದು, ಹೊಡೆಯುವ ತೋಟೆ ಕೂರುವ ಚೇಂಬರ್ ಖಾಲಿ ಇದೆಯೇ ಎಂದು ನೋಡಿದೆ. "ಹಿಡ್ಕೊಂಡು ತೋರಿಸಿ ಗೌಡ್ರೇ" ಅಂದೆ. ಹಿಡಿದರು. ಅವರದು ಪುಟ್ಟ ಕೈ. ತೋರುಬೆರಳಿನ ಉಗುರಿನ ತುದಿಯಷ್ಟೇ ಟ್ರಿಗರ್‌ಗೆ ತಾಗುತ್ತಿತ್ತು. ಎಳೆಯುತ್ತಿದ್ದಂತೆ ಇಡೀ ಪಿಸ್ತೂಲು ಎಡಕ್ಕೆ ತಿರುಗಿತು. ನಳಿಗೆ ನೆಟ್ಟಗೇ ಇತ್ತು. ಹೊಂದದೆ ಇದ್ದದ್ದು ಕೈ.

ಮೀಸಲು ಪಡೆಯ ಆಯುಧದ ಕೋಣೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಚಿಕ್ಕಮಗಳೂರು, ಸಕಲೇಶಪುರ ಕಡೆಯವರು ಲೈಸೆನ್ಸ್ ಸಿಕ್ಕ ಕೂಡಲೇ ಫೋನ್ ಮಾಡಿ "ಯಾವ ಕಂಪನಿ ಒಳ್ಳೇದು?" ಅಂತ ಕೇಳುತ್ತಾರೆ. "ನಿಮ್ಮ ಬೆರಳು ಎಷ್ಟುದ್ದ ಇದೆ?" ಎಂದು ನಾನು ತಿರುಗಿ ಕೇಳಿದರೆ ತಮಾಷೆ ಅಂದುಕೊಳ್ಳುತ್ತಾರೆ. ಕತ್ತಿಗೆ ಹಿಡಿ ಹಾಕಿಸುವಾಗ ಕುಲುಮೆಯ ಮುಂದೆ ನಿಂತು ನಾಲ್ಕು ಸಲ ಬೀಸಿ ನೋಡುವ ಜನ ನಾವು. ಪಿಸ್ತೂಲಿನ ವಿಷಯ ಬಂದಾಗ ಮಾತ್ರ ಗಾಜಿನ ಕಪಾಟಿನಲ್ಲಿ ಹೊಳೆಯುವುದನ್ನೇ ಎತ್ತಿಕೊಂಡು ಬರುತ್ತೇವೆ.

ಜೋಡುನಳಿಗೆ ಕೋವಿ ಆಗಿದ್ದರೆ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅದಕ್ಕೆ ಭುಜದ ಆಸರೆ ಇದೆ, ಕೆನ್ನೆಯ ಆಸರೆ ಇದೆ. ಪಿಸ್ತೂಲಿಗೆ ಇರುವುದು ಅಂಗೈ ಒಂದೇ.

ಮೊದಲು ಕಾಗದ

ಇದನ್ನು ಬೇಗ ಮುಗಿಸುತ್ತೇನೆ. ಜಿಲ್ಲಾಧಿಕಾರಿ ಕಚೇರಿಯಿಂದ ಲೈಸೆನ್ಸ್ ಕೈಗೆ ಬರುವ ತನಕ ಯಾರಿಗೂ ಮುಂಗಡ ಕೊಡಬೇಡಿ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಒಬ್ಬರ ಹತ್ತಿರ ಎರಡೇ ಬಂದೂಕು ಇರಬಹುದು. ಮನೆಯಲ್ಲಿ ಅಪ್ಪನ ಕಾಲದ ಎರಡು ಕೋವಿ ನಿಮ್ಮ ಹೆಸರಿನಲ್ಲೇ ಇದ್ದರೆ ಪಿಸ್ತೂಲಿನ ಆಸೆ ಬಿಡಿ, ಇಲ್ಲವೇ ಒಂದು ಕೋವಿ ಬಿಡಿ. 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಒಳಗಿನ ಅಗಲ), ನಮಗೆ ನಿಮಗೆ ಸಿಗುವುದಲ್ಲ. ಹಾಗಾಗಿ ಸಾಮಾನ್ಯರ ಆಯ್ಕೆ ಹೆಚ್ಚಾಗಿ ಪಾಯಿಂಟ್ 32, ಗುರಿ ಅಭ್ಯಾಸಕ್ಕಾದರೆ ಪಾಯಿಂಟ್ 22.

ಇನ್ನೊಂದು ಮಾತು. ಆನೆ, ಹಂದಿ ಓಡಿಸಲು ಪಿಸ್ತೂಲು ಬೇಕು ಅನ್ನುವವರು ಇದ್ದಾರೆ. ಪಾಯಿಂಟ್ 32 ಗುಂಡು ಪುಟ್ಟದು, ಆನೆಯ ಮುಂದೆ ಅದು ಆಟದ ಸಾಮಾನು. ಅದನ್ನು ನಂಬಿ ತೋಟಕ್ಕೆ ಇಳಿಯಬೇಡಿ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ

ಅಂಗಡಿಯವರು ಖಾಲಿ ಇದೆ ಅಂದರೂ ನೀವೇ ನೋಡಿ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ, ಚೇಂಬರಿನೊಳಗೆ ಕಣ್ಣು, ಸಾಧ್ಯವಾದರೆ ಕಿರುಬೆರಳೂ. ಈ ಕ್ರಮ ತಿರುವುಮುರುವು ಆಗಬಾರದು. ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ ಇನ್ನೊಂದು ತೋಟೆ ಚೇಂಬರಿಗೆ ಹೋಗಿ ಕೂರುತ್ತದೆ. ಖಾಲಿ ಮಾಡಿದೆ ಅಂದುಕೊಂಡು ನೀವು ಲೋಡ್ ಮಾಡಿರುತ್ತೀರಿ. ನೋಡಿ ಆದ ಮೇಲೂ ನಳಿಗೆಯ ಬಾಯಿ ಗೋಡೆಯ ಕಡೆಗೇ ಇರಲಿ.

ಈಗ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದನ್ನು ಹಿಡಿಯ ಹಿಂಭಾಗದಲ್ಲಿ ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು ಮೇಲಕ್ಕೆ ಒತ್ತಿ ಕೂರಿಸಿ. ಕೈ ಕೆಳಗೆ ಉಳಿದಷ್ಟೂ ಹೊಡೆತಕ್ಕೆ ಬಾಯಿ ಜಾಸ್ತಿ ಜಿಗಿಯುತ್ತದೆ. ಆದರೆ ಮಾಂಸಲ ಕೈಯವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಪುಟ್ಟ ಪಿಸ್ತೂಲುಗಳಲ್ಲಿ ಸ್ಲೈಡ್ ಹಿಂದಕ್ಕೆ ಬರುವಾಗ ಆ ಸಂದಿನ ಚರ್ಮವನ್ನು ಗೀರಿಕೊಂಡು ಹೋಗುತ್ತದೆ. ನನ್ನ ಬಲಗೈಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಎರಡು ಗಾಯದ ಗುರುತು ಈಗಲೂ ಇವೆ, ಒಂದರ ಪಕ್ಕ ಒಂದು, ಗೆರೆ ಹೊಡೆದ ಹಾಗೆ. ಪಿಸ್ತೂಲು ಖಾಲಿ ಇರುವಾಗ ಇನ್ನೊಂದು ಕೈಯಿಂದ ಸ್ಲೈಡನ್ನು ನಿಧಾನಕ್ಕೆ ಹಿಂದಕ್ಕೆ ತನ್ನಿ. ಚರ್ಮಕ್ಕೆ ತಾಗಿದರೆ ಅದನ್ನು ಕೆಳಗಿಟ್ಟು ಮುಂದಿನದು ಕೇಳಿ.

ಎಲ್ಲರೂ ಎಡವುವುದು ಇಲ್ಲೇ

ಹಿಡಿಯ ಹಿಂಬದಿಯಿಂದ ಟ್ರಿಗರ್‌ವರೆಗಿನ ದೂರಕ್ಕೂ ನಿಮ್ಮ ಬೆರಳಿಗೂ ತಾಳೆ ಆಗಬೇಕು. ಅರ್ಧ ಸೆಂಟಿಮೀಟರ್ ಆಚೀಚೆ ಆದರೂ ಗುರಿ ಹೋಗುತ್ತದೆ.

ಸಂದು ಮೇಲೆ ಕೂತ ಮೇಲೆ, ಅದನ್ನು ಅಲ್ಲಾಡಿಸದೆ, ಮಣಿಕಟ್ಟು ತಿರುಗಿಸದೆ ಬೆರಳನ್ನು ಟ್ರಿಗರ್ ಮೇಲೆ ಇಡಿ. ಬೆರಳಿನ ಯಾವ ಜಾಗ ತಾಗಿತು? ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆರಳಚ್ಚು ಒತ್ತುವಾಗ ಮಸಿ ಹತ್ತುತ್ತದಲ್ಲ, ಆ ಮೆತ್ತನೆಯ ದಿಂಬಿನ ನಟ್ಟನಡುವೆ ತಾಗಬೇಕು. ಬರೀ ತುದಿ ತಾಗಿದರೆ ಬಲಗೈಯವರ ಗುಂಡು ಸಾಮಾನ್ಯವಾಗಿ ಎಡಕ್ಕೆ ಸರಿಯುತ್ತದೆ, ಏಕೆಂದರೆ ಬೆರಳು ಟ್ರಿಗರನ್ನು ಹಿಂದಕ್ಕೆ ಎಳೆಯುವ ಬದಲು ಪಕ್ಕಕ್ಕೆ ನೂಕುತ್ತದೆ. ಉದ್ದ ಬೆರಳಿನವರದು ಇದರ ತದ್ವಿರುದ್ಧ. ಮೊದಲ ಗೆಣ್ಣು ದಾಟಿ ಒಳಗೆ ಹೋಗಿ ಕೊಕ್ಕೆಯ ಹಾಗೆ ಸುತ್ತಿಕೊಳ್ಳುತ್ತದೆ, ಗುಂಡು ಬಲಕ್ಕೆ ಹೋಗುತ್ತದೆ.

ಬೆರಳಿನ ಬುಡದ ಕಡೆಯೂ ನೋಡಿ. ಅದು ಪಿಸ್ತೂಲಿನ ಮೈಗೆ ಒರೆಸಿಕೊಂಡು ಇರಬಾರದು. ಅಂಗಡಿಯವರು ಬರೆಯುವ ಬಿಲ್ ಪುಸ್ತಕದ ಒಂದು ಹಾಳೆ ಸಲೀಸಾಗಿ ತೂರುವಷ್ಟಾದರೂ ಜಾಗ ಇರಲಿ. ಬುಡ ತಾಗಿದರೆ ಟ್ರಿಗರ್ ಎಳೆದಾಗಲೆಲ್ಲ ಇಡೀ ಬೆರಳು ಪಿಸ್ತೂಲನ್ನು ತಳ್ಳುತ್ತದೆ.

ಗಿಡ್ಡ ಬೆರಳಿನವರು ಮಾಡಿಕೊಳ್ಳುವ ಮೋಸ ಒಂದಿದೆ, ಅದು ಅವರಿಗೇ ಗೊತ್ತಾಗುವುದಿಲ್ಲ. ಬೆರಳು ಮುಟ್ಟಲಿಲ್ಲ ಅಂತ ಕೈಯೊಳಗೇ ಪಿಸ್ತೂಲನ್ನು ಸ್ವಲ್ಪ ತಿರುಗಿಸಿಕೊಳ್ಳುತ್ತಾರೆ. ಬೆರಳು ಮುಟ್ಟುತ್ತದೆ, "ಸರಿಯಾಯ್ತು" ಅನ್ನುತ್ತಾರೆ. ಆದರೆ ಹಿಡಿಯ ಬೆನ್ನು ಈಗ ಸಂದಿನಲ್ಲಿ ಇರುವುದಿಲ್ಲ, ಹೆಬ್ಬೆರಳ ಬುಡದ ಗೆಣ್ಣಿನ ಮೇಲೆ ಕೂತಿರುತ್ತದೆ. ಹೊಡೆತ ಮುಂಗೈಗೆ ನೆಟ್ಟಗೆ ಬರುವ ಬದಲು ಆ ಗೆಣ್ಣಿಗೆ ಬೀಳುತ್ತದೆ. ಹತ್ತು ಗುಂಡು ಹೊಡೆಯುವಷ್ಟರಲ್ಲಿ ನೋವು, ಇಪ್ಪತ್ತಕ್ಕೆ ಭಯ. ಭಯ ಬಂದವನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ.

ಈ ಮೋಸ ಹಿಡಿಯಲು ಜೊತೆಗೆ ಬಂದವರಿಗೆ ಫೋನ್ ಕೊಡಿ. ನೀವು ಗೋಡೆಯ ಕಡೆ ತೋಳು ಚಾಚಿ ನಿಂತಾಗ ಹಿಂದಿನಿಂದ, ತಲೆಯ ಮೇಲಿನಿಂದ ಒಂದು ಫೋಟೊ ತೆಗೆಯಲಿ. ಸ್ಲೈಡ್, ಮಣಿಕಟ್ಟು, ಮೊಣಕೈ ಒಂದೇ ಗೆರೆಯಲ್ಲಿ ಇರಬೇಕು. ಪಿಸ್ತೂಲು ಒಂದು ಕಡೆ, ಮುಂಗೈ ಇನ್ನೊಂದು ಕಡೆ ನೋಡುತ್ತಿದ್ದರೆ ಆ ಪಿಸ್ತೂಲು ನಿಮ್ಮದಲ್ಲ. ಬೆಲೆ ಎಷ್ಟೇ ಇಳಿಸಿದರೂ ನಿಮ್ಮದಲ್ಲ.

ಡಬಲ್ ಆ್ಯಕ್ಷನ್ ಪಿಸ್ತೂಲಾದರೆ, ಅಂದರೆ ಹಿಂದಿನ ಸುತ್ತಿಗೆಯನ್ನು ಟ್ರಿಗರ್ ಎಳೆತವೇ ಎತ್ತಿ ಬೀಳಿಸುವಂಥದ್ದಾದರೆ, ಎರಡು ಸಲ ಅಳೆಯಬೇಕು. ಸುತ್ತಿಗೆ ಕೆಳಗಿರುವಾಗ ಟ್ರಿಗರ್ ಮುಂದೆ ಇರುತ್ತದೆ, ಎಳೆತವೂ ಉದ್ದ, ಭಾರ. ಸುತ್ತಿಗೆ ಎತ್ತಿದಾಗ ಟ್ರಿಗರ್ ಹಿಂದಕ್ಕೆ ಬರುತ್ತದೆ. ಅಂಗಡಿಯವರು ಎತ್ತಿದ ಸ್ಥಿತಿಯಲ್ಲೇ ಕೈಗೆ ಕೊಟ್ಟು "ನೋಡಿ ಸಾರ್, ಬೆಣ್ಣೆ ಹಾಗಿದೆ" ಅನ್ನಬಹುದು. ನಮ್ಮ ಗೌಡರು ಮೋಸ ಹೋದದ್ದು ಅಲ್ಲಿಯೇ. ಸುತ್ತಿಗೆ ಇಳಿಸಿಕೊಂಡು ಇನ್ನೊಮ್ಮೆ ನೋಡಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು.

ಕೊನೆಗೆ ನಾಣ್ಯದ ಪರೀಕ್ಷೆ. ಸ್ಲೈಡಿನ ತುದಿಯಲ್ಲಿ, ಗುರಿ ನೋಡುವ ಮುಂದಿನ ಸೈಟಿನ ಹಿಂದೆ, ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಎಳೆಯಿರಿ. ಐದರಲ್ಲಿ ನಾಲ್ಕು ಸಲ ನಾಣ್ಯ ನಿಂತರೆ ಕೈ ಹೊಂದಿದೆ ಅಂತ ಅರ್ಥ. ಆದರೆ ಮೊದಲು ಅಂಗಡಿಯವರನ್ನು ಕೇಳಿ, ಮದ್ದಿಲ್ಲದ ಡಮ್ಮಿ ತೋಟೆ ಹಾಕಿಸಿಕೊಳ್ಳಿ. ಪಾಯಿಂಟ್ 22ರಲ್ಲಂತೂ ಡಮ್ಮಿ ಇಲ್ಲದೆ ಖಾಲಿ ಹೊಡೆಯಲೇಬೇಡಿ. ಅದರ ಗುಂಡು ಸಿಡಿಸುವ ಪಿನ್ನು ತೋಟೆಯ ಅಂಚಿಗೆ ಬಡಿಯುವುದು. ತೋಟೆ ಇಲ್ಲದಿದ್ದರೆ ಚೇಂಬರಿನ ಅಂಚಿಗೇ ಬಡಿದು ಎರಡೂ ಹಾಳಾಗುತ್ತವೆ.

ಕಣ್ಣು ಮುಚ್ಚಿ ಒಂದು ಸಲ

ಗೋಡೆಯ ಮೇಲೆ ಒಂದು ಚುಕ್ಕೆ ಗುರುತಿಸಿಕೊಂಡು, ಕಣ್ಣು ಮುಚ್ಚಿ, ತೋಳು ಎತ್ತಿ, ಕಣ್ಣು ಬಿಡಿ. ಸೈಟು ಚುಕ್ಕೆಯ ಆಸುಪಾಸು ಇದ್ದರೆ ಹಿಡಿಯ ಓರೆ ನಿಮಗೆ ಸರಿ. ಪ್ರತಿ ಸಲವೂ ಬಾಯಿ ಮೇಲಕ್ಕೋ ನೆಲಕ್ಕೋ ನೋಡುತ್ತಿದ್ದರೆ ಸರಿಯಿಲ್ಲ.

ಕಿರುಬೆರಳಿಗೆ ಹಿಡಿಯಲ್ಲಿ ಜಾಗ ಇಲ್ಲದ ಪುಟ್ಟ ಪಿಸ್ತೂಲು ನನಗೆ ಸೇರುವುದಿಲ್ಲ. ಜೇಬಿಗೆ ಚೆನ್ನ, ಕೈಗಲ್ಲ.

ಸ್ಲೈಡ್ ಎಳೆಯಲು ಬರುತ್ತದೆಯೇ?

ಪುಟ್ಟ ಪಿಸ್ತೂಲಿನ ಸ್ಲೈಡ್ ಹಗುರ ಅಂತ ಜನ ನಂಬಿದ್ದಾರೆ. ನಿಜ ಬೇರೆಯೇ. ಪಾಯಿಂಟ್ 32ರ ಹೆಚ್ಚಿನ ಪಿಸ್ತೂಲುಗಳಲ್ಲಿ ನಳಿಗೆಗೂ ಸ್ಲೈಡಿಗೂ ಬೀಗ ಇರುವುದಿಲ್ಲ. ಹೊಡೆತದ ಹೊತ್ತಿಗೆ ನಳಿಗೆಯ ಹಿಂಬಾಗಿಲು ಮುಚ್ಚಿ ಹಿಡಿಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗು ಮಾತ್ರ. ಅದಕ್ಕೇ ಸ್ಪ್ರಿಂಗು ಗಟ್ಟಿ. ಅರವತ್ತು ದಾಟಿದವರು, ಗಂಟುನೋವು ಇರುವವರು ಅಂಗಡಿಯಲ್ಲೇ ಹತ್ತು ಸಲ ಎಳೆದು ನೋಡಬೇಕು. ಒಂದು ಸಲ ಯಾರಿಗೂ ಬರುತ್ತದೆ, ಎಂಟನೆಯದಕ್ಕೆ ಗೊತ್ತಾಗುತ್ತದೆ.

ಎಳೆಯುವ ರೀತಿಯೂ ಮುಖ್ಯ. ಎರಡು ಬೆರಳಲ್ಲಿ ಚಿವುಟಿ ಎಳೆಯಬೇಡಿ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ಎಡಗೈಯ ಪೂರ್ತಿ ಅಂಗೈಯಿಂದ ಸ್ಲೈಡಿನ ಹಿಂಭಾಗವನ್ನು ಅವುಚಿ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ನೂಕಿ. ಸುತ್ತಿಗೆ ಹೊರಗಿದ್ದರೆ ಮೊದಲು ಅದನ್ನು ಎತ್ತಿಕೊಂಡರೆ ಇನ್ನೂ ಸಲೀಸು. ಇಷ್ಟಾದರೂ ಬರದಿದ್ದರೆ ಸುಮ್ನೆ ಸ್ಲೈಡೇ ಇಲ್ಲದ ರಿವಾಲ್ವರ್ ತೆಗೆದುಕೊಳ್ಳಿ, ಅದರಲ್ಲಿ ಅವಮಾನ ಏನೂ ಇಲ್ಲ. 2014ರಲ್ಲಿ ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆ ಹೊರತಂದ ನಿರ್ಭೀಕ್ ಅರ್ಧ ಕಿಲೋ ತೂಗುತ್ತದೆ ಅಷ್ಟೆ. ಹಗುರವಾದಷ್ಟೂ ಒದೆತ ಜಾಸ್ತಿ ಅನ್ನುವುದು ಮಾತ್ರ ನೆನಪಿರಲಿ.

ಗುಂಡು ಹಾರದಂತೆ ತಡೆಯುವ ಸೇಫ್ಟಿಗೆ, ಮ್ಯಾಗಜೀನ್ ಬಿಡಿಸುವ ಗುಂಡಿಗೆ ಹೆಬ್ಬೆರಳು ಎಟುಕಬೇಕು. ಹಳೆಯ ಕೆಲವು ಮಾದರಿಗಳಲ್ಲಿ ಮ್ಯಾಗಜೀನ್ ಕೊಕ್ಕೆ ಹಿಡಿಯ ಕೆಳತುದಿಯಲ್ಲಿರುತ್ತದೆ, ಅದಕ್ಕೆ ಎರಡೂ ಕೈ ಬೇಕು. ಕೋಲ್ಟ್ 1903ರ ತರಹದವುಗಳಲ್ಲಿ ಹಿಡಿಯ ಬೆನ್ನಿನಲ್ಲೇ ಒಂದು ಸೇಫ್ಟಿ ಇದೆ. ಅಂಗೈ ಒತ್ತದಿದ್ದರೆ ಪಿಸ್ತೂಲು ಹೊಡೆಯುವುದಿಲ್ಲ. ಅಂಗೈ ನಡುವೆ ಗುಳಿ ಇರುವ ತೆಳು ಕೈಯವರು ಇದನ್ನು ತಪ್ಪದೆ ನೋಡಿ. ಎಡಚರಿಗೆ ಖಾಲಿ ತೋಟೆ ಮುಖದ ಮುಂದಿನಿಂದ ಹಾರುತ್ತದೆ, ಕನ್ನಡಕ ಬೇಕೇ ಬೇಕು. ಬಲಗೈಯವರಿಗೂ ಬೇಕು ಅನ್ನಿ.

ಒದ್ದೆ ಕೈ, ರಬ್ಬರ್ ಚೀಲ

ನಮ್ಮೂರಿನ ಮಳೆಗಾಲ ಗೊತ್ತಲ್ಲ, ಜೂನ್‌ನಿಂದ ಮೂರು ತಿಂಗಳು ಬೀಗದ ಕೈಗೂ ಬೂಷ್ಟು. ಅಂಗೈಗೆ ಸ್ವಲ್ಪ ನೀರು ಸವರಿಕೊಂಡು ಹಿಡಿದು ನೋಡಿ. ಪಾಲಿಶ್ ಹೊಡೆದ ಮರದ ಹಿಡಿ ಅಂಗಡಿಯಲ್ಲಿ ಮದುಮಗಳ ಹಾಗೆ ಕಾಣುತ್ತದೆ, ಒದ್ದೆ ಕೈಗೆ ಮೀನಿನ ಹಾಗೆ ಜಾರುತ್ತದೆ. ಗೆರೆ ಕೊರೆದ ಹಿಡಿಯೇ ನನ್ನ ಆಯ್ಕೆ.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ರಬ್ಬರ್ ಕವಚ ಹಾಕಿದರೆ ಎಲ್ಲರಿಗೂ ಹೊಂದುತ್ತದೆ ಅನ್ನುತ್ತಾರೆ. ಶುದ್ಧ ಸುಳ್ಳು. ಅದು ಹಿಡಿಯನ್ನು ದಪ್ಪ ಮಾಡುತ್ತದೆ, ಗಿಡ್ಡ ಬೆರಳು ಇನ್ನೂ ದೂರ ಆಗುತ್ತದೆ. ಬೆವರಿಗೆ ಮೆತ್ತಗಾಗಿ ಕೈಯೊಳಗೇ ತಿರುಗುತ್ತದೆ ಬೇರೆ. ಒಬ್ಬರು ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿಕೊಂಡು ಬಂದಿದ್ದರು. ಬಿಚ್ಚಿ ನೋಡಿದರೆ ಒಳಗೆಲ್ಲ ತುಕ್ಕು. ಚರ್ಮದ ಕವರಿನಲ್ಲಿ ಇಟ್ಟರೂ ಅದೇ ಗತಿ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ದೊಡ್ಡ ಕೈಯವರು ದಪ್ಪ ಹಿಡಿಪಟ್ಟಿ ಹಾಕಿಸಿಕೊಳ್ಳಬಹುದು, ಚಿಕ್ಕ ಕೈಯವರು ತೆಳ್ಳನೆಯದು. ಹಿಡಿಯ ಲೋಹದ ಚೌಕಟ್ಟನ್ನು ಮಾತ್ರ ಯಾರ ಹತ್ತಿರವೂ ಅರ ಹಾಕಿಸಬೇಡಿ.

ಸ್ನೇಹಿತರ ಪಿಸ್ತೂಲು ಎರವಲು ತಂದು ತೋಟದಲ್ಲಿ ಹೊಡೆದು ನೋಡುವ ಯೋಚನೆಯೂ ಬೇಡ. ಅವರಿಗೂ ಕೇಸು, ನಿಮಗೂ ಕೇಸು. ಪೊಲೀಸರ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಟ್ಟರೆ ಬಂದೂಕು ಹಿಡಿಯುವ ಶಿಸ್ತಾದರೂ ಕೈಗೆ ಹತ್ತುತ್ತದೆ.

ಕೈ ಒಪ್ಪಿತು, ಬೆಲೆ ಕುದುರಿತು ಅನ್ನಿ. ದುಡ್ಡು ಎಣಿಸುವ ಮೊದಲು ಪಿಸ್ತೂಲನ್ನು ಬೆಳಕಿಗೆ ಹಿಡಿದು ಅದರ ಮೇಲಿನ ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿ, ಜೊತೆಗಿದ್ದವರು ಬಿಲ್ಲಿನಲ್ಲಿ ತಾಳೆ ನೋಡಲಿ. ಲೈಸೆನ್ಸಿನಲ್ಲಿ ಬರೆಸುವಾಗಲೂ ಹಾಗೇ ಮಾಡಿ. ಹಳೆಯ ಮಾಲಿನಲ್ಲಿ 3 ಸವೆದು 8ರ ಹಾಗೆ ಕಾಣುವುದುಂಟು. ಚುನಾವಣೆ ಬಂದು ಠಾಣೆಗೆ ಒಪ್ಪಿಸಲು ಹೋದ ದಿನ, ರೈಟರ್ ಕನ್ನಡಕ ಏರಿಸಿಕೊಂಡು "ಇದು ನಿಮ್ಮದಲ್ವಲ್ಲ ಸ್ವಾಮಿ" ಅಂದರೆ ಇಡೀ ದಿನ ಅಲ್ಲೇ ಬೆಂಚಿನ ಮೇಲೆ ಕೂರಬೇಕಾಗುತ್ತದೆ.